ಖಾಲಿ ಕೋಣೆಯ ನಷ್ಟ ಯಾರ ಲೆಕ್ಕಕ್ಕೆ?

1982ರಲ್ಲಿ ಶ್ರೀಲಂಕಾಕ್ಕೆ ಬಂದ ವಿದೇಶಿ ಪ್ರವಾಸಿಗರ ಸಂಖ್ಯೆ 4,07,230. 1994ರಲ್ಲಿ ಬಂದವರು 4,07,511. ಎರಡರ ನಡುವಿನ ವ್ಯತ್ಯಾಸ ಬರೀ 281 ಜನ. ಪರೀಕ್ಷೆಯಲ್ಲಿ ಈ ಎರಡು ಅಂಕಿಗಳನ್ನಷ್ಟೇ ಕೊಟ್ಟು ಬೆಳವಣಿಗೆ ಎಷ್ಟು ಎಂದು ಕೇಳಿದರೆ ನಾವು ‘ಹೆಚ್ಚುಕಡಿಮೆ ಸೊನ್ನೆ’ ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗಿಬಿಡುತ್ತೇವೆ. ಆದರೆ ಆ ಸೊನ್ನೆಯೊಳಗೆ ಒಂದು ದೇಶದ 12 ವರ್ಷಗಳಿವೆ. 1982ರಲ್ಲಿ 20ನೇ ವಯಸ್ಸಿಗೆ ಹೋಟೆಲ್ ಕೆಲಸಕ್ಕೆ ಸೇರಿದ ಹುಡುಗನಿಗೆ 1994ರಲ್ಲಿ 32 ವರ್ಷ. ಅವನು ದುಡಿದು ಮುಂದೆ ಬರಬೇಕಾಗಿದ್ದ ವಯಸ್ಸು ಆ ಎರಡು ಅಂಕಿಗಳ ನಡುವೆ ಮುಗಿದುಹೋಗಿದೆ.

ಯುದ್ಧದ ಸುದ್ದಿ ಬಂದಾಗ ನಾವು ಟಿವಿಯಲ್ಲಿ ಸತ್ತವರ ಸಂಖ್ಯೆ ನೋಡುತ್ತೇವೆ. ಆಮೇಲೆ ಪೆಟ್ರೋಲ್ ಬೆಲೆ, ಚಿನ್ನದ ಬೆಲೆ, ಷೇರುಪೇಟೆ. ಹೋಟೆಲು, ಪ್ರವಾಸದ ಮಾತು ಬಂದರೆ ಮಾತ್ರ ‘ಅದು ದುಡ್ಡಿರುವವರ ಮೋಜು, ನಾಲ್ಕು ದಿನ ನಿಂತರೆ ಯಾರಿಗೇನು ನಷ್ಟ’ ಎನ್ನುವವರೇ ಹೆಚ್ಚು. ನಮ್ಮ ತರಗತಿಯಲ್ಲೂ ಈ ಮಾತು ಬಂದಿತ್ತು. ನಾನು ಇದನ್ನು ಒಪ್ಪುವುದಿಲ್ಲ. ಪ್ರವಾಸ ಹೋಗುವವರಿಗೆ ಅದು ಮೋಜು ಇರಬಹುದು. ಅವರ ಹಾಸಿಗೆ ಹಾಸುವವರಿಗೆ, ಬಟ್ಟೆ ಒಗೆಯುವವರಿಗೆ, ಅವರನ್ನು ಆಟೊದಲ್ಲಿ ಕೂರಿಸಿಕೊಂಡು ಹೋಗುವವರಿಗೆ ಅದು ಮನೆ ಬಾಡಿಗೆ, ಅಕ್ಕಿ, ಮಕ್ಕಳ ಫೀಸು.

ನನ್ನ ವಾದ ಇಷ್ಟೇ. ಯುದ್ಧಕಾಲದಲ್ಲಿ ಈ ಉದ್ಯಮಕ್ಕಾದ ನಷ್ಟವನ್ನು ನಾವು ಅರ್ಧ ಮಾತ್ರ ಎಣಿಸುತ್ತೇವೆ. ಬಂದವರ ಸಂಖ್ಯೆ, ಬಂದ ಡಾಲರ್, ಕಂಪನಿಗಳ ಲಾಭ-ನಷ್ಟ ಎಲ್ಲವೂ ಯಾವುದೋ ಪುಸ್ತಕದಲ್ಲಿರುತ್ತವೆ. ಲೆಕ್ಕದ ಪುಸ್ತಕವೇ ಇಲ್ಲದವರ ನಷ್ಟ ಎಲ್ಲಿಯೂ ಬರೆದಿರುವುದಿಲ್ಲ. ಆದ್ದರಿಂದಲೇ ಪರಿಹಾರ ಹಂಚುವಾಗ ಅವರು ಯಾರಿಗೂ ನೆನಪಾಗುವುದಿಲ್ಲ. ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಪಕ್ಕದ ಶ್ರೀಲಂಕಾಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಕಾಣಲಿಲ್ಲ.

ಭಯಕ್ಕೆ ನಕ್ಷೆ ಗೊತ್ತಿಲ್ಲ

ಶ್ರೀಲಂಕಾ (ಆಗಿನ ಸಿಲೋನ್) 1966ರಲ್ಲಿ ಪ್ರವಾಸೋದ್ಯಮ ಮಂಡಳಿ ಸ್ಥಾಪಿಸಿದಾಗ ವರ್ಷಕ್ಕೆ ಬರುತ್ತಿದ್ದ ಪ್ರವಾಸಿಗರು 19 ಸಾವಿರಕ್ಕೂ ಕಡಿಮೆ. 16 ವರ್ಷಗಳಲ್ಲಿ ಅದು 4 ಲಕ್ಷ ದಾಟಿತು. ಬೆಂಟೋಟ, ಬೇರುವಲ, ಹಿಕ್ಕಡುವ ಮುಂತಾದ ದಕ್ಷಿಣ ಮತ್ತು ಪಶ್ಚಿಮ ಕರಾವಳಿಯ ಊರುಗಳಲ್ಲಿ ಸಾಲಾಗಿ ಹೋಟೆಲುಗಳು ಎದ್ದವು. ಯುರೋಪಿನ ಚಳಿ ತಪ್ಪಿಸಿಕೊಳ್ಳಲು ಜರ್ಮನರು, ಬ್ರಿಟಿಷರು ಬರುತ್ತಿದ್ದರು. ಪೂರ್ವದಲ್ಲಿ ಟ್ರಿಂಕಾಮಲಿ ಹತ್ತಿರದ ನಿಲಾವೆಲಿ, ಬಟ್ಟಿಕಲೋವಾ ಕಡೆಯ ಪಾಸಿಕುಡದಲ್ಲೂ ಹೋಟೆಲುಗಳಿದ್ದವು.

1983ರ ಜುಲೈನಲ್ಲಿ ಕೊಲಂಬೊದಲ್ಲಿ ತಮಿಳರ ಮೇಲೆ ಭೀಕರ ಹಿಂಸಾಚಾರ ನಡೆಯಿತು. ಅಲ್ಲಿಂದ ಸರ್ಕಾರಕ್ಕೂ ಎಲ್‌ಟಿಟಿಇಗೂ ನಡುವೆ ಶುರುವಾದ ಯುದ್ಧ ಮುಗಿದದ್ದು 2009ರ ಮೇ ತಿಂಗಳಲ್ಲಿ. ಅಂದರೆ ಸುಮಾರು 26 ವರ್ಷ. ಪ್ರವಾಸಿಗರ ಸಂಖ್ಯೆ ವರ್ಷ ವರ್ಷವೂ ಇಳಿಯುತ್ತಾ 1987ರಲ್ಲಿ 1,82,620ಕ್ಕೆ ಬಂತು. 1982ಕ್ಕೆ ಹೋಲಿಸಿದರೆ ಅರ್ಧಕ್ಕಿಂತಲೂ ಕಡಿಮೆ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಯುದ್ಧ ನಡೆಯುತ್ತಿದ್ದದ್ದು ಮುಖ್ಯವಾಗಿ ಉತ್ತರ ಮತ್ತು ಪೂರ್ವದಲ್ಲಿ. ಜಾಫ್ನಾದಿಂದ ಕೊಲಂಬೊಗೆ ರಸ್ತೆಯಲ್ಲಿ ಸುಮಾರು 400 ಕಿ.ಮೀ. ಗಾಲೆ ಅಲ್ಲಿಂದ ಇನ್ನೂ ನೂರಕ್ಕೂ ಹೆಚ್ಚು ಕಿ.ಮೀ. ಮುಂದೆ. ಬೆಂಟೋಟದ ಹೋಟೆಲಿನ ಮೇಲೆ ಶೆಲ್ ಬೀಳುತ್ತಿರಲಿಲ್ಲ. ಆದರೆ ಜರ್ಮನಿಯಲ್ಲಿ ಕೂತು ರಜೆ ಎಲ್ಲಿ ಕಳೆಯುವುದೆಂದು ಯೋಚಿಸುವ ಕುಟುಂಬಕ್ಕೆ ಜಾಫ್ನಾ ಬೇರೆ, ಬೆಂಟೋಟ ಬೇರೆ ಎಂದು ಯಾರು ಹೇಳಬೇಕು? ಅವರಿಗೆ ಕಾಣುವುದು ಪತ್ರಿಕೆಯ ಶೀರ್ಷಿಕೆಯಲ್ಲಿರುವ ದೇಶದ ಹೆಸರು ಮಾತ್ರ. ಜೊತೆಗೆ, 1987ರಿಂದ 1989ರವರೆಗೆ ದಕ್ಷಿಣದಲ್ಲೇ ಜೆವಿಪಿಯ ಸಶಸ್ತ್ರ ದಂಗೆಯೂ ನಡೆಯಿತು. ಹಾಗಾಗಿ ದಕ್ಷಿಣ ಪೂರ್ತಿ ಸುರಕ್ಷಿತ ಎನ್ನುವಂತೆಯೂ ಇರಲಿಲ್ಲ.

ಪ್ರವಾಸಿಗರ ಭಯ ಸುಳ್ಳು ಭಯವೂ ಅಲ್ಲ. 1986ರ ಮೇ 3ರಂದು ಕೊಲಂಬೊ ವಿಮಾನ ನಿಲ್ದಾಣದಲ್ಲಿ ಮಾಲ್ಡೀವ್ಸ್‌ಗೆ ಹೊರಡಬೇಕಿದ್ದ ಏರ್ ಲಂಕಾ ವಿಮಾನದಲ್ಲಿ ಬಾಂಬ್ ಸ್ಫೋಟಿಸಿ 21 ಜನ ಸತ್ತರು. ಅವರಲ್ಲಿ ಹೆಚ್ಚಿನವರು ವಿದೇಶಿಯರು. 1996ರ ಜನವರಿ 31ರಂದು ಕೊಲಂಬೊದ ಸೆಂಟ್ರಲ್ ಬ್ಯಾಂಕಿಗೆ ಸ್ಫೋಟಕ ತುಂಬಿದ ಲಾರಿ ನುಗ್ಗಿಸಲಾಯಿತು. 91 ಜನ ಸತ್ತರು, ಸಾವಿರಕ್ಕೂ ಹೆಚ್ಚು ಜನ ಗಾಯಗೊಂಡರು. ದೊಡ್ಡ ದೊಡ್ಡ ಹೋಟೆಲುಗಳು ಇದ್ದದ್ದು ಅದೇ ಬೀದಿಗಳಲ್ಲಿ. ಮರುವರ್ಷ ಅಕ್ಟೋಬರ್‌ನಲ್ಲಿ ಅಲ್ಲೇ ಹತ್ತಿರದ ಗಲದಾರಿ ಹೋಟೆಲಿನ ವಾಹನ ನಿಲ್ದಾಣದಲ್ಲೇ ಲಾರಿ ಬಾಂಬ್ ಸ್ಫೋಟಿಸಿತು.

ಕ್ರಿಕೆಟ್ ನೋಡುವವರಿಗೆ ಇದರ ಪರಿಣಾಮ ನೆನಪಿರಬಹುದು. ಸೆಂಟ್ರಲ್ ಬ್ಯಾಂಕ್ ಸ್ಫೋಟವಾದ ಎರಡೇ ವಾರಕ್ಕೆ 1996ರ ವಿಶ್ವಕಪ್ ಆರಂಭವಾಗಬೇಕಿತ್ತು. ಆಸ್ಟ್ರೇಲಿಯಾ ಮತ್ತು ವೆಸ್ಟ್ ಇಂಡೀಸ್ ಕೊಲಂಬೊದಲ್ಲಿ ಆಡಲು ಒಪ್ಪಲಿಲ್ಲ. ಪಾಯಿಂಟ್ ಬಿಟ್ಟುಕೊಟ್ಟವು, ಆದರೆ ಬರಲಿಲ್ಲ. ಆಗ ಭಾರತ ಮತ್ತು ಪಾಕಿಸ್ತಾನದ ಆಟಗಾರರು ಒಂದೇ ತಂಡವಾಗಿ ಕೊಲಂಬೊಗೆ ಹೋಗಿ ಶ್ರೀಲಂಕಾ ವಿರುದ್ಧ ಒಂದು ಪಂದ್ಯ ಆಡಿದರು. ಅಜರುದ್ದೀನ್ ನಾಯಕ. ವಾಸಿಂ ಅಕ್ರಂ, ಸಚಿನ್ ತೆಂಡೂಲ್ಕರ್ ಜೊತೆಗೆ ನಮ್ಮ ಬೆಂಗಳೂರಿನ ಅನಿಲ್ ಕುಂಬ್ಳೆಯೂ ಆ ತಂಡದಲ್ಲಿದ್ದರು. ನೆರೆಯವರು ಬಂದರೆ ಧೈರ್ಯ ಬರುತ್ತದೆ ಎನ್ನುವುದಕ್ಕೆ ಅದು ಸಾಕ್ಷಿ. ಆದರೆ ಒಂದು ಪಂದ್ಯದಿಂದ, ಆ ವರ್ಷ ಶ್ರೀಲಂಕಾ ಗೆದ್ದ ವಿಶ್ವಕಪ್‌ನಿಂದ ಕೂಡ ಹೋಟೆಲುಗಳು ತುಂಬಲಿಲ್ಲ. 1995ರಲ್ಲಿ 4 ಲಕ್ಷ ದಾಟಿದ್ದ ಪ್ರವಾಸಿಗರು 1996ರಲ್ಲಿ ಸುಮಾರು 3 ಲಕ್ಷಕ್ಕೆ ಇಳಿದರು. ಭಯ ಬರುವುದು ಒಂದೇ ದಿನದಲ್ಲಿ, ಹೋಗುವುದಕ್ಕೆ ವರ್ಷಗಳು ಬೇಕು.

ಗೋದಾಮಿನಲ್ಲಿಡಲಾಗದ ಸರಕು

ಅಂಗಡಿಗೆ ಇಂದು ಗಿರಾಕಿ ಬರಲಿಲ್ಲ ಎಂದುಕೊಳ್ಳಿ. ಬಟ್ಟೆ ವ್ಯಾಪಾರಿಯ ಸೀರೆ ಕಪಾಟಿನಲ್ಲೇ ಇರುತ್ತದೆ. ನಾಳೆ ಮಾರಬಹುದು, ರಂಜಾನ್ ಸೀಸನ್ನಿಗೆ ಮಾರಬಹುದು, ಕಡೆಗೆ ಅರ್ಧ ಬೆಲೆಗಾದರೂ ಮಾರಬಹುದು. ಹೋಟೆಲ್ ಕೋಣೆ ಹಾಗಲ್ಲ. ಇಂದು ರಾತ್ರಿ ಖಾಲಿ ಉಳಿದ ಕೋಣೆಯನ್ನು ನಾಳೆ ಎರಡು ಸಲ ಮಾರಲು ಆಗುವುದಿಲ್ಲ. ಆ ರಾತ್ರಿಯ ಆದಾಯ ಹೋಯಿತೆಂದರೆ ಹೋಯಿತು. ನಾವು ಪಾಠದಲ್ಲಿ ಓದುವ ದಾಸ್ತಾನು ಎಂಬುದು ಈ ವ್ಯಾಪಾರದಲ್ಲಿ ಇಲ್ಲ.

ಆದರೆ ಸ್ಥಿರ ವೆಚ್ಚ ಮಾತ್ರ ಪೂರ್ತಿ ಇದೆ. ಕೋಣೆಯಲ್ಲಿ ಜನ ಇರಲಿ ಇಲ್ಲದಿರಲಿ ಬ್ಯಾಂಕಿನ ಬಡ್ಡಿ ಕಟ್ಟಬೇಕು. ಕಾವಲುಗಾರ ಬೇಕು. ಈಜುಕೊಳದ ನೀರು ಶುದ್ಧವಾಗಿರಬೇಕು. ಸಮುದ್ರದ ಉಪ್ಪುಗಾಳಿಗೆ ಕಬ್ಬಿಣ ತುಕ್ಕು ಹಿಡಿಯದಂತೆ ನೋಡಿಕೊಳ್ಳಬೇಕು. ಇಂಥ ಪರಿಸ್ಥಿತಿಯಲ್ಲಿ ಮಾಲೀಕರು ಮಾಡುವ ಮೊದಲ ಕೆಲಸ ದರ ಇಳಿಸುವುದು. ಬರುವ ಹಣ ಖರ್ಚಿನ ಒಂದು ಭಾಗಕ್ಕಾದರೂ ಆಗಲಿ ಎಂದು ಶ್ರೀಲಂಕಾದ ಹೋಟೆಲುಗಳು ಯುರೋಪಿನ ಪ್ರವಾಸ ಕಂಪನಿಗಳಿಗೆ ಕಡಿಮೆ ದರಕ್ಕೆ ಕೋಣೆ ಕೊಟ್ಟವು. ಹೀಗೆ ವರ್ಷಗಟ್ಟಲೆ ನಡೆದಾಗ ದೇಶಕ್ಕೇ ‘ಅಗ್ಗದ ಜಾಗ’ ಎಂಬ ಹೆಸರು ಬಿತ್ತು. ದರ ಇಳಿಸುವುದು ಸುಲಭ, ಏರಿಸುವುದು ಕಷ್ಟ. ಯುದ್ಧ ಮುಗಿದ ಮೇಲೆ ಕೊಲಂಬೊದ ಹೋಟೆಲುಗಳಿಗೆ ಸರ್ಕಾರವೇ ಕನಿಷ್ಠ ಬಾಡಿಗೆ ದರ ನಿಗದಿ ಮಾಡಬೇಕಾಯಿತು. ಯುದ್ಧ ದೇಶದ ಗುಡ್‌ವಿಲ್ ಅನ್ನು ಹೇಗೆ ತಿಂದುಹಾಕುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಅಕೌಂಟೆನ್ಸಿ ಪುಸ್ತಕದಲ್ಲಿಲ್ಲ.

ಇನ್ನೊಂದು ನಷ್ಟ ಕಣ್ಣಿಗೆ ಕಾಣದ್ದು. ಅದು ಕಟ್ಟದೇ ಉಳಿದ ಹೋಟೆಲುಗಳದ್ದು. 2000ದಲ್ಲಿ ದೇಶದ ಮಾನ್ಯತೆ ಪಡೆದ ಹೋಟೆಲುಗಳಲ್ಲಿ ಸುಮಾರು 13 ಸಾವಿರ ಕೋಣೆಗಳಿದ್ದರೆ 2009ರಲ್ಲಿ ಇದ್ದದ್ದು ಸುಮಾರು 14 ಸಾವಿರ. ಒಂಬತ್ತು ವರ್ಷಕ್ಕೆ ಹೆಚ್ಚೆಂದರೆ ಸಾವಿರದ ಆಸುಪಾಸು. ಹೊಸ ಹೋಟೆಲ್ ಇಲ್ಲ ಎಂದರೆ ಅದರಲ್ಲಿ ಸಿಗಬೇಕಾಗಿದ್ದ ಕೆಲಸವೂ ಇಲ್ಲ. ಕೆಲಸ ಕಳೆದುಕೊಂಡವರನ್ನಾದರೂ ಎಣಿಸಬಹುದು. ಸಿಗಬೇಕಾಗಿದ್ದ ಕೆಲಸ ಸಿಗದವರನ್ನು ಎಣಿಸುವುದು ಹೇಗೆ?

2001ರ ಜುಲೈ 24ರಂದು ಎಲ್‌ಟಿಟಿಇ ಕೊಲಂಬೊ ವಿಮಾನ ನಿಲ್ದಾಣದ ಮೇಲೆಯೇ ದಾಳಿ ಮಾಡಿತು. ಶ್ರೀಲಂಕನ್ ಏರ್‌ಲೈನ್ಸ್‌ನ ಅರ್ಧದಷ್ಟು ವಿಮಾನಗಳು ಸುಟ್ಟವು ಇಲ್ಲವೇ ಹಾಳಾದವು. ವಿಮಾ ಕಂಪನಿಗಳು ಕೊಲಂಬೊಗೆ ಬರುವ ವಿಮಾನ ಮತ್ತು ಹಡಗುಗಳ ಮೇಲೆ ಯುದ್ಧ ಅಪಾಯದ ಪ್ರೀಮಿಯಂ ಏರಿಸಿದವು. ಹೀಗಾದಾಗ ಹೋಟೆಲಿಗೆ ಒಂದು ಗಾಜೂ ಒಡೆಯದೆ ನಷ್ಟ ತಟ್ಟುತ್ತದೆ. ವಿಮಾನವೇ ಬರದಿದ್ದರೆ ಅತಿಥಿ ಎಲ್ಲಿಂದ ಬರಬೇಕು? ಬರ ಮತ್ತು ವಿದ್ಯುತ್ ಕಡಿತವೂ ಸೇರಿ, ಆ ವರ್ಷ ಶ್ರೀಲಂಕಾದ ಆರ್ಥಿಕತೆ ಸ್ವಾತಂತ್ರ್ಯದ ನಂತರ ಮೊದಲ ಬಾರಿಗೆ ಕುಗ್ಗಿತು.

ಹೋಗಲು ದಾರಿ ಇದ್ದವರು, ಇಲ್ಲದವರು

ದೊಡ್ಡ ಕಂಪನಿಗಳು ಸುಮ್ಮನೆ ಕೂರಲಿಲ್ಲ. ಜಾನ್ ಕೀಲ್ಸ್, ಏಟ್ಕನ್ ಸ್ಪೆನ್ಸ್‌ನಂಥ ಶ್ರೀಲಂಕಾದ ಕಂಪನಿಗಳು ಪಕ್ಕದ ಮಾಲ್ಡೀವ್ಸ್‌ನಲ್ಲಿ ರೆಸಾರ್ಟ್‌ಗಳನ್ನು ನಡೆಸಲು ಶುರು ಮಾಡಿದವು. ಇದರಲ್ಲಿ ತಪ್ಪೇನೂ ಇಲ್ಲ. ಅಪಾಯವನ್ನು ಹಂಚಿಕೊಳ್ಳಬೇಕು, ಎಲ್ಲ ಬಂಡವಾಳ ಒಂದೇ ಕಡೆ ಇಡಬಾರದು ಎಂದು ನಮಗೂ ಪಾಠ ಮಾಡುತ್ತಾರೆ. 1972ರಲ್ಲಿ ಮೊದಲ ರೆಸಾರ್ಟ್ ತೆರೆದ ಮಾಲ್ಡೀವ್ಸ್‌ಗೆ 2000ದಲ್ಲಿ 4 ಲಕ್ಷ 67 ಸಾವಿರ ಪ್ರವಾಸಿಗರು ಬಂದರು. ಅದೇ ವರ್ಷ ಅದಕ್ಕಿಂತ ಎಷ್ಟೋ ದೊಡ್ಡದಾದ ಶ್ರೀಲಂಕಾಕ್ಕೆ ಬಂದವರು 4 ಲಕ್ಷ. ಎಷ್ಟೋ ಶ್ರೀಲಂಕಾದ ಅಡುಗೆಯವರು, ವೇಟರ್‌ಗಳು, ಮ್ಯಾನೇಜರ್‌ಗಳು ಕೂಡ ಮಾಲ್ಡೀವ್ಸ್‌ಗೆ, ಗಲ್ಫ್‌ಗೆ ಹೋದರು. ಬಂಡವಾಳಕ್ಕೆ ದಾರಿ ಇತ್ತು, ಕಲಿತ ಕೆಲಸಗಾರನಿಗೂ ದಾರಿ ಇತ್ತು.

ಆದರೆ ಹಿಕ್ಕಡುವದಲ್ಲಿ ತಳಕ್ಕೆ ಗಾಜು ಹಾಕಿದ ದೋಣಿಯಲ್ಲಿ ಹವಳ ತೋರಿಸುವವನು ಹವಳದ ದಿಬ್ಬವನ್ನು ಹೊತ್ತುಕೊಂಡು ಹೋಗಲು ಸಾಧ್ಯವೇ? ಅಂಬಲಂಗೊಡದಲ್ಲಿ ಮರದ ಮುಖವಾಡ ಕೆತ್ತುವವರು, ಬಾಟಿಕ್ ಬಟ್ಟೆ ಮಾಡುವ ಹೆಂಗಸರು, ಯಾಲ ಕಾಡಿನಲ್ಲಿ ಜೀಪ್ ಓಡಿಸುವವರು, ಹೋಟೆಲಿಗೆ ಮೀನು ಹಾಕುವವರು, ಬೇರುವಲದಲ್ಲಿ ರತ್ನದ ಕಲ್ಲಿನ ವ್ಯಾಪಾರ ಮಾಡುವ ನಮ್ಮ ಸಮುದಾಯದ ಸಣ್ಣ ವ್ಯಾಪಾರಿಗಳು ಇವರೆಲ್ಲ ಎಲ್ಲಿಗೆ ಹೋಗಬೇಕಿತ್ತು? ವಿಲ್ಪಟ್ಟು ರಾಷ್ಟ್ರೀಯ ಉದ್ಯಾನ ಯುದ್ಧದ ಕಾರಣ ವರ್ಷಗಟ್ಟಲೆ ಮುಚ್ಚಿದ್ದು, 2003ರಲ್ಲಿ ಮತ್ತೆ ತೆರೆಯಿತು. ಅಷ್ಟು ವರ್ಷ ಅದರ ಬಾಗಿಲಲ್ಲಿ ಚಹಾ ಮಾರುತ್ತಿದ್ದವನ ಆದಾಯ ಎಷ್ಟು ಕಡಿಮೆಯಾಯಿತು ಎಂದು ಯಾವ ವಾರ್ಷಿಕ ವರದಿಯಲ್ಲಿ ಹುಡುಕುವುದು?

ಹೋಟೆಲಿನ ಒಳಗೆ ಕೆಲಸ ಉಳಿಸಿಕೊಂಡವರ ಕಥೆಯೂ ಸುಲಭದ್ದಲ್ಲ. ಶ್ರೀಲಂಕಾದ ಹೋಟೆಲುಗಳಲ್ಲಿ ಬಿಲ್ಲಿನ ಮೇಲೆ ಶೇಕಡಾ 10 ಸೇವಾ ಶುಲ್ಕ ಹಾಕಿ, ಅದನ್ನು ಕೆಲಸಗಾರರಿಗೆ ಹಂಚುವ ಪದ್ಧತಿ ಇದೆ. ಮೂಲ ಸಂಬಳ ಸಣ್ಣದು. ಕೆಲಸಗಾರನ ಮನೆ ನಡೆಯುವುದು ಬಹುಪಾಲು ಈ ಸೇವಾ ಶುಲ್ಕದ ಮೇಲೆ. ಅತಿಥಿಗಳು ಬರದಿದ್ದರೆ ಹೋಟೆಲು ಯಾರನ್ನೂ ಕೆಲಸದಿಂದ ತೆಗೆಯಬೇಕಾಗಿಲ್ಲ. ಸೇವಾ ಶುಲ್ಕ ತಾನಾಗಿಯೇ ಇಳಿಯುತ್ತದೆ. ಲೆಕ್ಕದಲ್ಲಿ ಅವನು ಉದ್ಯೋಗಿ. ನಿರುದ್ಯೋಗದ ಅಂಕಿಯಲ್ಲಿ ಅವನ ಹೆಸರು ಬರುವುದಿಲ್ಲ. ಮನೆಯ ಖರ್ಚಿಗೆ ಮಾತ್ರ ದುಡ್ಡು ಸಾಲುವುದಿಲ್ಲ.

ಈ ಮಾತು ನನಗೆ ಪುಸ್ತಕ ಓದುವ ಮೊದಲೇ ಮನೆಯಲ್ಲಿ ಅರ್ಥವಾಗಿತ್ತು. ನನ್ನ ಮಾಮು ಕತಾರ್‌ನ ದೋಹಾದಲ್ಲಿ ಒಂದು ಹೋಟೆಲಿನ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಾರೆ. 2025ರ ಜೂನ್‌ನಲ್ಲಿ ಇರಾನ್ ಮತ್ತು ಇಸ್ರೇಲ್ ನಡುವೆ 12 ದಿನ ಯುದ್ಧ ನಡೆಯಿತಲ್ಲ, ಜೂನ್ 23ರ ರಾತ್ರಿ ಇರಾನ್ ಕತಾರ್‌ನಲ್ಲಿರುವ ಅಮೆರಿಕದ ವಾಯುನೆಲೆಯ ಮೇಲೆ ಕ್ಷಿಪಣಿ ಹಾರಿಸಿತು. ಕೆಲವು ಗಂಟೆ ಆ ದೇಶದ ಆಕಾಶವೇ ಮುಚ್ಚಿತ್ತು. ಅಮ್ಮಿ ಆ ರಾತ್ರಿ ಫೋನ್ ಕೈಯಿಂದ ಬಿಡಲಿಲ್ಲ. ಮಾಮುಗೆ ಏನೂ ಆಗಿರಲಿಲ್ಲ, ಅಲ್‌ಹಮ್ದುಲಿಲ್ಲಾಹ್. ಆದರೆ ಮುಂದಿನ ವಾರಗಳಲ್ಲಿ ಅವರ ಹೋಟೆಲಿನ ಬುಕಿಂಗ್‌ಗಳು ರದ್ದಾದವು. ಹಾಸಿಗೆ ಬಳಸದಿದ್ದರೆ ಚಾದರ್ ಒಗೆಯಬೇಕಾಗಿಲ್ಲ. ಚಾದರ್ ಇಲ್ಲದಿದ್ದರೆ ಓವರ್‌ಟೈಮ್ ಇಲ್ಲ. ಮಾಮು ಕೆಲಸ ಕಳೆದುಕೊಳ್ಳಲಿಲ್ಲ, ಆದರೆ ಎರಡು ತಿಂಗಳು ನಾನಿ ಮನೆಗೆ ಬಂದ ಹಣ ಕಡಿಮೆ. ಆ ಯುದ್ಧದ ನಷ್ಟದ ಪಟ್ಟಿಯನ್ನು ಯಾರೇ ಬರೆದರೂ ಅದರಲ್ಲಿ ನಾನಿಯ ಮಾತ್ರೆಯ ಖರ್ಚು ಇರುವುದಿಲ್ಲ. ನಮ್ಮ ಕಾಲೇಜಿನಲ್ಲಿ ಗಲ್ಫ್ ಹಣದಿಂದ ಫೀಸು ಕಟ್ಟುವ ಮನೆಗಳು ಎಷ್ಟೋ ಇವೆ. ಅವರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ.

2019ರ ಪಾಠ

ಯುದ್ಧ ಮುಗಿದ ಮೇಲೆ ಶ್ರೀಲಂಕಾದ ಪ್ರವಾಸೋದ್ಯಮ ಓಡತೊಡಗಿತು. 2009ರಲ್ಲಿ 4 ಲಕ್ಷ 48 ಸಾವಿರ ಇದ್ದ ಪ್ರವಾಸಿಗರು 2018ರಲ್ಲಿ 23 ಲಕ್ಷ ದಾಟಿದರು. ಆ ವರ್ಷ ಬಂದ ವಿದೇಶಿ ಹಣ ಸುಮಾರು 440 ಕೋಟಿ ಡಾಲರ್. ಅಂದರೆ 26 ವರ್ಷ ಆ ದೇಶ ಏನು ಕಳೆದುಕೊಂಡಿತ್ತು ಎನ್ನುವುದು ಗೊತ್ತಾದದ್ದು ಶಾಂತಿ ಬಂದ ಮೇಲೆಯೇ.

ಆಮೇಲೆ 2019ರ ಏಪ್ರಿಲ್ 21, ಈಸ್ಟರ್ ಭಾನುವಾರ. ಮೂರು ಚರ್ಚ್‌ಗಳ ಜೊತೆಗೆ ಕೊಲಂಬೊದ ಶಾಂಗ್ರಿ-ಲಾ, ಸಿನಮನ್ ಗ್ರ್ಯಾಂಡ್, ಕಿಂಗ್ಸ್‌ಬರಿ ಹೋಟೆಲುಗಳಲ್ಲಿ ಆತ್ಮಹತ್ಯಾ ಬಾಂಬ್ ದಾಳಿ ನಡೆಯಿತು. 260ಕ್ಕೂ ಹೆಚ್ಚು ಜನ ಸತ್ತರು. ಬೆಳಗಿನ ತಿಂಡಿಗೆ ಕೂತಿದ್ದ ಅತಿಥಿಗಳ ಜೊತೆ ತಿಂಡಿ ಬಡಿಸುತ್ತಿದ್ದ ಕೆಲಸಗಾರರೂ ಸತ್ತರು. ದಾಳಿ ಮಾಡಿದವರು ಇಸ್ಲಾಂ ಹೆಸರು ಹೇಳಿಕೊಂಡವರು. ಅಮಾಯಕರನ್ನು ಕೊಲ್ಲುವುದನ್ನು ನಮ್ಮ ದೀನ್ ಎಂದೂ ಒಪ್ಪುವುದಿಲ್ಲ. ಅದರಲ್ಲೂ ಮನೆಗೆ ಬಂದ ಮೆಹಮಾನ್‌ನನ್ನು ಗೌರವಿಸುವುದು ಈಮಾನಿನ ಭಾಗ ಎಂದು ಕಲಿತವರು ನಾವು. ಆ ದಾಳಿಯ ನಂತರ ಮೇ ತಿಂಗಳಲ್ಲಿ ಅದಕ್ಕೆ ಸಂಬಂಧವೇ ಇಲ್ಲದ ಮುಸ್ಲಿಮರ ಅಂಗಡಿ, ಮನೆಗಳ ಮೇಲೆ ಗುಂಪುಗಳು ದಾಳಿ ಮಾಡಿದವು. ಹೀಗೆ ಅಲ್ಲಿನ ಸಾಮಾನ್ಯ ಮುಸ್ಲಿಂ ವ್ಯಾಪಾರಿಗೆ ಎರಡು ಪೆಟ್ಟು. ಪ್ರವಾಸಿಗರು ಬರಲಿಲ್ಲ, ಊರಿನ ಗಿರಾಕಿಯೂ ದೂರವಾದ.

2018ರ ಮೇ ತಿಂಗಳಲ್ಲಿ 1,29,466 ಪ್ರವಾಸಿಗರು ಬಂದಿದ್ದರೆ 2019ರ ಮೇನಲ್ಲಿ ಬಂದವರು 37,802. ಒಂದೇ ತಿಂಗಳಲ್ಲಿ ಶೇಕಡಾ 70ರಷ್ಟು ಇಳಿಕೆ. ಆದರೆ ಡಿಸೆಂಬರ್ ಹೊತ್ತಿಗೆ ಸಂಖ್ಯೆ 2 ಲಕ್ಷ 41 ಸಾವಿರಕ್ಕೆ ಏರಿತ್ತು. ದಾಳಿ ಒಂದು ದಿನದ್ದಾಗಿ ಆಮೇಲೆ ಶಾಂತಿ ಉಳಿದರೆ ಉದ್ಯಮ ತಿಂಗಳುಗಳಲ್ಲಿ ಎದ್ದು ನಿಲ್ಲುತ್ತದೆ. ಯುದ್ಧ ಮುಂದುವರಿದರೆ ವರ್ಷಗಳು ಬೇಕು. ಈ ಉದ್ಯಮಕ್ಕೆ ಜಾಹೀರಾತಿಗಿಂತ ದೊಡ್ಡ ಔಷಧ ಶಾಂತಿಯೇ.

ಈಗ ಪರಿಹಾರದ ವಿಷಯಕ್ಕೆ ಬರೋಣ. 2019ರಲ್ಲಿ ಸರ್ಕಾರ ಪ್ರವಾಸೋದ್ಯಮ ಸಂಸ್ಥೆಗಳು ಬ್ಯಾಂಕ್ ಸಾಲದ ಕಂತು ಕಟ್ಟುವುದನ್ನು ಮುಂದೂಡಲು ಅವಕಾಶ ಕೊಟ್ಟಿತು. ಒಳ್ಳೆಯದೇ. ಆದರೆ ಅದರ ಲಾಭ ಯಾರಿಗೆ? ನೋಂದಣಿ ಇದ್ದು, ಬ್ಯಾಂಕಿನಲ್ಲಿ ಸಾಲ ಇದ್ದವರಿಗೆ. ಬ್ಯಾಂಕ್ ಸಾಲ ಸಿಗದೆ ಊರಿನ ಬಡ್ಡಿ ವ್ಯಾಪಾರಿಯಿಂದ ಕೈಸಾಲ ಮಾಡಿದವನಿಗೆ ಯಾವ ಕಂತು ಮುಂದೂಡುವುದು? ಚಾದರ್ ಒಗೆಯುವ ಹೆಂಗಸಿಗೆ, ದಿನಗೂಲಿಗೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವವನಿಗೆ ಆ ಆದೇಶದಿಂದ ಒಂದು ರೂಪಾಯಿಯೂ ಸಿಗುವುದಿಲ್ಲ. ಪರಿಹಾರ ಲೆಕ್ಕದ ಪುಸ್ತಕ ಇದ್ದವರ ಹತ್ತಿರ ಹೋಗಿ ನಿಲ್ಲುತ್ತದೆ ಎಂದು ನಾನು ಹೇಳುವುದು ಇದಕ್ಕೇ.

ಯುದ್ಧ ಮುಗಿದ ಮೇಲೆ ಜಾಗ ಯಾರದು?

ಇನ್ನೊಂದು ಪ್ರಶ್ನೆ ಯುದ್ಧದಲ್ಲಿ ನಿಜವಾಗಿ ಬೆಂದ ಉತ್ತರ ಮತ್ತು ಪೂರ್ವದ್ದು. ಪಾಸಿಕುಡದಲ್ಲಿ 2009ರ ನಂತರ ಹೊಸ ಐಷಾರಾಮಿ ರೆಸಾರ್ಟ್‌ಗಳು ಬಂದವು. ಅಲ್ಲಿನ ಮೀನುಗಾರರಿಗೆ ಮಾತ್ರ ದೋಣಿ ಎಳೆದು ನಿಲ್ಲಿಸಲು ಮೊದಲಿದ್ದ ದಂಡೆ ಉಳಿಯಲಿಲ್ಲ. ಜಾಫ್ನಾ ಹತ್ತಿರದ ಕಾಂಕೇಸಂತುರೈನಲ್ಲಿ ಸೇನೆಯೇ ಒಂದು ರೆಸಾರ್ಟ್ ನಡೆಸುತ್ತಿದೆ. ಸುತ್ತಮುತ್ತಲಿನ ಜಾಗದ ಮೂಲ ನಿವಾಸಿಗಳು ಎಷ್ಟೋ ವರ್ಷ ತಮ್ಮ ಜಮೀನು ವಾಪಸ್ ಕೊಡಿ ಎಂದು ಕೇಳುತ್ತಿದ್ದರು. 1990ರ ಅಕ್ಟೋಬರ್‌ನಲ್ಲಿ ಎಲ್‌ಟಿಟಿಇ ಉತ್ತರದಿಂದ ಹೊರಗೆ ಹಾಕಿದ 70 ಸಾವಿರಕ್ಕೂ ಹೆಚ್ಚು ಮುಸ್ಲಿಮರಲ್ಲಿ ಬಹಳಷ್ಟು ಜನ ಇಂದಿಗೂ ಪುತ್ತಳಂ ಕಡೆಯೇ ಇದ್ದಾರೆ. ಜಾಫ್ನಾಗೆ ಪ್ರವಾಸಿಗರು ಮತ್ತೆ ಬಂದಾಗ ಅಲ್ಲಿ ಅಂಗಡಿ ಇಟ್ಟುಕೊಳ್ಳಲು ಅವರು ಇರಲಿಲ್ಲ. ಸಂಖ್ಯೆ ನೋಡಿದರೆ ಉದ್ಯಮ ಚೇತರಿಸಿಕೊಂಡಿದೆ. ಆದರೆ ಮೊದಲು ನಷ್ಟವಾದದ್ದು ಯಾರಿಗೋ, ಆಮೇಲೆ ಲಾಭ ಬಂದದ್ದು ಇನ್ಯಾರಿಗೋ ಆದರೆ ಅದನ್ನು ಚೇತರಿಕೆ ಎನ್ನಬಹುದೇ?

ಎರಡು ಆಕ್ಷೇಪಗಳು

ಈ ಬರಹದ ಬಗ್ಗೆ ಹೇಳಿದಾಗ ನನ್ನ ಗೆಳೆಯನೊಬ್ಬ ಕೇಳಿದ: “ಜನ ಸಾಯುತ್ತಿರುವಾಗ ಹೋಟೆಲಿನ ಚಿಂತೆ ಮಾಡೋದು ನಾಚಿಕೆ ಅಲ್ವಾ?” ಪ್ರಶ್ನೆ ಸರಿಯಾದದ್ದೇ. ಆ ಯುದ್ಧದಲ್ಲಿ 80 ಸಾವಿರದಿಂದ 1 ಲಕ್ಷ ಜನ ಸತ್ತಿರಬಹುದೆಂದು ವಿಶ್ವಸಂಸ್ಥೆಯ ಅಂದಾಜಿದೆ. ಪ್ರಾಣಕ್ಕೆ ಸಮನಾದದ್ದು ಯಾವುದೂ ಇಲ್ಲ. ಆದರೆ ಬದುಕಿ ಉಳಿದವರು ಊಟ ಮಾಡಬೇಕಲ್ಲ. ಅವರ ದುಡಿಮೆ ಹೋದ ಮೇಲೆ ಬರುವ ಹಸಿವು, ಮಕ್ಕಳು ಶಾಲೆ ಬಿಡುವುದು, ಮನೆ ಹೆಂಗಸರು ಗಲ್ಫ್‌ನಲ್ಲಿ ಮನೆಗೆಲಸಕ್ಕೆ ಹೋಗುವುದು ಇವೂ ಯುದ್ಧದ ಗಾಯಗಳೇ. ಒಂದನ್ನು ಎಣಿಸಿದರೆ ಇನ್ನೊಂದಕ್ಕೆ ಅವಮಾನವಾಗುವುದಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಇಷ್ಟು ಬೇಗ ಮುರಿಯುವ ಉದ್ಯಮವನ್ನು ದೇಶ ನೆಚ್ಚಿಕೊಳ್ಳಬೇಕೇ ಎಂಬುದು. 2019ರ ದಾಳಿ, ಬೆನ್ನಿಗೇ ಕೋವಿಡ್, ಪ್ರವಾಸಿಗರ ಡಾಲರ್ ನಿಂತುಹೋಯಿತು. ತೆರಿಗೆ ಕಡಿತ, ಹಳೆಯ ಸಾಲ, ರಾಸಾಯನಿಕ ಗೊಬ್ಬರ ನಿಷೇಧದಂಥ ತಪ್ಪು ನಿರ್ಧಾರಗಳೂ ಸೇರಿ 2022ರ ಏಪ್ರಿಲ್‌ನಲ್ಲಿ ಶ್ರೀಲಂಕಾ ವಿದೇಶಿ ಸಾಲ ಕಟ್ಟುವುದನ್ನೇ ನಿಲ್ಲಿಸಿತು. ಡೀಸೆಲ್, ಔಷಧ, ಅಡುಗೆ ಅನಿಲಕ್ಕೆ ಜನ ಸಾಲಿನಲ್ಲಿ ನಿಂತರು. ಆದ್ದರಿಂದ ಒಂದೇ ಉದ್ಯಮವನ್ನು ನೆಚ್ಚಬಾರದು ಎನ್ನುವುದು ನಿಜ. ಆದರೆ ಇದೇ ಘಟನೆ ಇನ್ನೊಂದು ಸತ್ಯವನ್ನೂ ಹೇಳುತ್ತದೆ. ಪ್ರವಾಸಿಗ ಕೊಟ್ಟ ಡಾಲರ್ ಹೋಟೆಲ್ ಮಾಲೀಕನ ಜೇಬಿನಲ್ಲೇ ಉಳಿಯುವುದಿಲ್ಲ. ಅದು ದೇಶಕ್ಕೆ ಡೀಸೆಲ್ ಆಗಿ, ಔಷಧವಾಗಿ ಬರುತ್ತದೆ. ‘ದುಡ್ಡಿರುವವರ ಮೋಜು’ ನಿಂತಾಗ ಬಡವನ ಒಲೆಯೂ ಆರಿತು.

ಹಾಗಾದರೆ ಏನು ಮಾಡಬೇಕು?

ನನ್ನ ವಯಸ್ಸಿಗೆ ದೊಡ್ಡ ಸಲಹೆ ಕೊಡುವ ಅರ್ಹತೆ ಇಲ್ಲ ಎಂದು ಕೆಲವರಿಗೆ ಅನಿಸಬಹುದು. ಆದರೂ ಮೂರು ಮಾತು ಹೇಳುತ್ತೇನೆ.

ಮೊದಲನೆಯದು, ಎಣಿಸಬೇಕು. ಪ್ರವಾಸದಿಂದ ಬದುಕುವ ಪ್ರತಿಯೊಬ್ಬರನ್ನೂ, ಆಟೊ ಓಡಿಸುವವರಿಂದ ಬಟ್ಟೆ ಒಗೆಯುವವರವರೆಗೆ, ಒಳ್ಳೆಯ ಕಾಲದಲ್ಲೇ ನೋಂದಣಿ ಮಾಡಿಕೊಳ್ಳಬೇಕು. ಗುರುತಿನ ಚೀಟಿ ಮತ್ತು ಬ್ಯಾಂಕ್ ಖಾತೆ ಇದ್ದರೆ ಕೆಟ್ಟ ಕಾಲದಲ್ಲಿ ಪರಿಹಾರ ನೇರವಾಗಿ ಅವರಿಗೆ ಮುಟ್ಟುತ್ತದೆ. ನಮ್ಮ ರಾಜ್ಯದ ಪ್ರವಾಸಿ ಊರುಗಳಿಗೂ ಇದು ಬೇಕು.

ಎರಡನೆಯದು, ಮೀಸಲು ನಿಧಿ ಬೇಕು. ಒಳ್ಳೆಯ ವರ್ಷದ ಲಾಭದಲ್ಲಿ ಒಂದು ಭಾಗ ತೆಗೆದಿಡಬೇಕು ಎಂದು ಕಂಪನಿಗಳಿಗೆ ಪಾಠ ಹೇಳುತ್ತೇವೆ. ಹಾಗೆಯೇ ಪ್ರತಿ ಕೋಣೆಯ ಬಿಲ್ಲಿನಿಂದ ಸಣ್ಣ ಮೊತ್ತ ತೆಗೆದು ಕೆಲಸಗಾರರ ಹೆಸರಿನಲ್ಲಿ ಇಟ್ಟರೆ, ಸೇವಾ ಶುಲ್ಕ ನಿಂತ ತಿಂಗಳಲ್ಲಿ ಅದು ಅವರ ಕೈಹಿಡಿಯುತ್ತದೆ. ಮಾಲೀಕನಿಗೆ ಮಾಲ್ಡೀವ್ಸ್ ಇದ್ದಂತೆ ಕೆಲಸಗಾರನಿಗೂ ಏನಾದರೂ ಇರಬೇಕು.

ಮೂರನೆಯದು ನಮಗೆ, ಅಂದರೆ ಪ್ರವಾಸ ಹೋಗುವವರಿಗೆ. ಬಾಂಬ್ ಬೀಳುವ ಕಡೆ ಹೋಗಿ ಎಂದು ನಾನು ಹೇಳುವುದಿಲ್ಲ. ಆದರೆ ಶಾಂತಿ ಬಂದ ಮೇಲೂ ವರ್ಷಗಟ್ಟಲೆ ಹೆದರಿ ದೂರ ಉಳಿಯುವುದು, ಹೋದರೂ ಅವರ ಕಷ್ಟ ನೋಡಿ ದರ ಕಡಿಮೆ ಮಾಡಿಸುವುದು ಸರಿಯಲ್ಲ. ಖಾಲಿ ಹೋಟೆಲಿನಲ್ಲಿ ಚೌಕಾಸಿ ಮಾಡಿ ಉಳಿಸಿದ ದುಡ್ಡು ಯಾರದೋ ಸೇವಾ ಶುಲ್ಕದ್ದು. ಇಂದು ಶ್ರೀಲಂಕಾಕ್ಕೆ ಅತಿ ಹೆಚ್ಚು ಪ್ರವಾಸಿಗರನ್ನು ಕಳಿಸುವ ದೇಶ ನಮ್ಮದೇ. 2024ರಲ್ಲಿ ಅಲ್ಲಿಗೆ ಬಂದವರ ಒಟ್ಟು ಸಂಖ್ಯೆ ಮತ್ತೆ 20 ಲಕ್ಷ ದಾಟಿದೆ.

ಕೊನೆಯದಾಗಿ ನಮ್ಮ ಕಾಮರ್ಸ್ ವಿಭಾಗದ ಸಹಪಾಠಿಗಳಿಗೆ ಒಂದು ವಿನಂತಿ. ಈ ವರ್ಷದ ಪ್ರಾಜೆಕ್ಟ್‌ಗೆ ಹೋಟೆಲ್ ಅಥವಾ ಪ್ರವಾಸೋದ್ಯಮ ಆರಿಸಿಕೊಳ್ಳುವವರು ಪ್ರತಿ ವರ್ಷ ಇರುತ್ತಾರೆ. ಎಲ್ಲರೂ ಮ್ಯಾನೇಜರ್ ಹತ್ತಿರ ಹೋಗಿ ಕೋಣೆ ಎಷ್ಟು, ದರ ಎಷ್ಟು, ಲಾಭ ಎಷ್ಟು ಎಂದು ಬರೆದುಕೊಂಡು ಬರುತ್ತೇವೆ. ಈ ಸಲ ಅದೇ ಹೋಟೆಲಿನ ಹಿಂದಿನ ಬಾಗಿಲಿಗೂ ಹೋಗಿ ಬನ್ನಿ. ಲಾಂಡ್ರಿಯವರನ್ನು, ಪಾತ್ರೆ ತೊಳೆಯುವವರನ್ನು, ಗೇಟಿನ ಹತ್ತಿರ ನಿಂತ ಆಟೊದವರನ್ನು ಕೇಳಿ: ಲಾಕ್‌ಡೌನ್‌ನಲ್ಲಿ ಕೋಣೆಗಳೆಲ್ಲ ಖಾಲಿ ಇದ್ದಾಗ ನಿಮ್ಮ ಮನೆ ಹೇಗೆ ನಡೆಯಿತು? ಬಂದ ಉತ್ತರವನ್ನು ಪ್ರಾಜೆಕ್ಟ್‌ನಲ್ಲಿ ಒಂದು ಪುಟ ಬರೆಯಿರಿ. ಅದಕ್ಕೆ ಅಂಕ ಬರುತ್ತದೋ ಇಲ್ಲವೋ ಗೊತ್ತಿಲ್ಲ. ಆದರೆ ಅವರ ನಷ್ಟ ಒಂದು ಪುಸ್ತಕದಲ್ಲಾದರೂ ಬರೆದಂತಾಗುತ್ತದೆ.